ಉಸಿರಿಗೆ ಬೆಟ್ಟ, ತೋಳಿಗೆ ಭಾರ

ತುಮಕೂರು ಜಿಲ್ಲೆಯ ಉತ್ತರದ ತಾಲ್ಲೂಕುಗಳಾದ ಕೊರಟಗೆರೆ, ಮಧುಗಿರಿ, ಸಿರಾ ಮತ್ತು ಪಾವಗಡಗಳ ಜನಜೀವನದಲ್ಲಿ ಬೆಟ್ಟ ಹತ್ತುವುದು ಹೊಸ ಹವ್ಯಾಸವಲ್ಲ. ಸಿದ್ದೇಶ್ವರನ ಗುಹಾಲಯಕ್ಕೂ ಔಷಧೀಯ ಗಿಡಮೂಲಿಕೆಗಳಿಗೂ ಹೆಸರಾದ ಕೊರಟಗೆರೆ ತಾಲ್ಲೂಕಿನ ಸಿದ್ದರಬೆಟ್ಟ, ಸಮುದ್ರಮಟ್ಟದಿಂದ ಸುಮಾರು 3,930 ಅಡಿ ಎತ್ತರದಲ್ಲಿ ನಿಂತಿರುವ ಮಧುಗಿರಿಯ ಏಕಶಿಲಾ ಬೆಟ್ಟ, ಚನ್ನರಾಯನದುರ್ಗ, ಮಿಡಿಗೇಶಿ ಮತ್ತು ಪಾವಗಡದ ಕೋಟೆಬೆಟ್ಟಗಳು ಹರಕೆ ಹೊತ್ತವರನ್ನೂ ಚಾರಣಿಗರನ್ನೂ ಒಂದೇ ಸಮನೆ ಸೆಳೆಯುತ್ತವೆ. ಇತ್ತೀಚಿನ ವರ್ಷಗಳಲ್ಲಿ ಇದೇ ತಾಲ್ಲೂಕು ಕೇಂದ್ರಗಳಲ್ಲಿ ಜಿಮ್‌ಗಳೂ ತೆರೆದುಕೊಂಡಿದ್ದು, ಆರೋಗ್ಯದ ಕಾಳಜಿಯುಳ್ಳವರು ಎರಡು ಪಂಗಡಗಳಾಗಿ ಒಡೆದಂತೆ ಕಾಣುತ್ತಾರೆ. ನಡಿಗೆ, ಓಟ ಮತ್ತು ಬೆಟ್ಟವನ್ನು ನಂಬಿದವರು ಭಾರ ಎತ್ತುವುದು ಪೈಲ್ವಾನರ ಕೆಲಸವೆಂದು ದೂರವಿಟ್ಟರೆ, ಕಬ್ಬಿಣ ಹಿಡಿದ ಯುವಕರು ಓಡಿದರೆ ಕಟ್ಟಿದ ಮೈ ಕರಗುತ್ತದೆಂದು ಹೆದರುತ್ತಾರೆ. ಈ ಎರಡೂ ನಂಬಿಕೆಗಳು ಅರ್ಧಸತ್ಯಗಳು. ಮನುಷ್ಯನ ದೇಹಕ್ಕೆ ಎರಡೂ ಬಗೆಯ ಶ್ರಮ ಬೇಕು, ಅವೆರಡನ್ನೂ ಒಂದೇ ವಾರದೊಳಗೆ ಹೊಂದಿಸಿಕೊಳ್ಳಲು ಸಾಧ್ಯವಿದೆ, ಮತ್ತು ಹಾಗೆ ಹೊಂದಿಸಿಕೊಳ್ಳುವ ಅಗತ್ಯ ಈ ಬಯಲುಸೀಮೆಯ ಜನರಿಗೆ ಹಿಂದೆಂದಿಗಿಂತಲೂ ಇಂದು ಹೆಚ್ಚಾಗಿದೆ.

ಮೊದಲು ಈ ಎರಡು ಬಗೆಗಳನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಜಿಮ್‌ಗಳಲ್ಲಿ ಕಾರ್ಡಿಯೋ ಎಂದು ಕರೆಯುವ ವ್ಯಾಯಾಮವೆಂದರೆ ದೊಡ್ಡ ಸ್ನಾಯುಗಳನ್ನು ಬಹಳ ಹೊತ್ತು ಲಯಬದ್ಧವಾಗಿ ದುಡಿಸಿ, ಆ ದುಡಿಮೆಗೆ ಬೇಕಾದ ಆಮ್ಲಜನಕವನ್ನು ಪೂರೈಸುವ ಹೊಣೆಯನ್ನು ಹೃದಯ, ಶ್ವಾಸಕೋಶ ಮತ್ತು ರಕ್ತನಾಳಗಳ ಮೇಲೆ ಹೊರಿಸುವಂಥದ್ದು. ಬಿರುಸಿನ ನಡಿಗೆ, ಓಟ, ಸೈಕಲ್ ತುಳಿತ, ಈಜು, ಮೆಟ್ಟಿಲು ಹತ್ತುವುದು ಎಲ್ಲವೂ ಈ ಗುಂಪಿಗೆ ಸೇರುತ್ತವೆ. ಇದನ್ನು ತಿಂಗಳುಗಟ್ಟಲೆ ಮಾಡಿದಾಗ ಹೃದಯವು ಒಂದು ಬಡಿತಕ್ಕೆ ಹೆಚ್ಚು ರಕ್ತವನ್ನು ಹೊರದೂಡಲು ಕಲಿಯುತ್ತದೆ, ಸ್ನಾಯುಗಳಲ್ಲಿ ಲೋಮನಾಳಗಳ ಜಾಲ ದಟ್ಟವಾಗುತ್ತದೆ, ಜೀವಕೋಶಗಳೊಳಗೆ ಇಂಧನವನ್ನು ಶಕ್ತಿಯಾಗಿಸುವ ಮೈಟೋಕಾಂಡ್ರಿಯಗಳ ಪ್ರಮಾಣ ಹೆಚ್ಚುತ್ತದೆ. ವೇಟ್ ಟ್ರೈನಿಂಗ್ ಅಥವಾ ಭಾರ ತರಬೇತಿಯಾದರೋ ಸ್ನಾಯುವನ್ನು ಅದರ ಸಾಮರ್ಥ್ಯದ ಅಂಚಿಗೆ ಸಮೀಪವಾದ ಪ್ರತಿರೋಧದ ವಿರುದ್ಧ ಕೆಲವೇ ಬಾರಿ ದುಡಿಸುವ ಕ್ರಮ. ಆ ಪ್ರತಿರೋಧ ಕಬ್ಬಿಣದ ಡಂಬೆಲ್ಲಿನಿಂದ ಬರಬಹುದು, ಮರಳಿನ ಚೀಲದಿಂದ ಬರಬಹುದು, ದಂಡ ಹೊಡೆಯುವಾಗ ಸ್ವಂತ ಮೈಭಾರದಿಂದಲೂ ಬರಬಹುದು. ಇದರಿಂದ ನರಗಳು ಹೆಚ್ಚು ಸ್ನಾಯುತಂತುಗಳನ್ನು ಏಕಕಾಲಕ್ಕೆ ಕೆಲಸಕ್ಕೆಳೆಯುವುದನ್ನು ಕಲಿಯುತ್ತವೆ, ತಂತುಗಳು ದಪ್ಪಗಾಗುತ್ತವೆ, ಮೂಳೆ ಮತ್ತು ಸ್ನಾಯುರಜ್ಜುಗಳು ಗಟ್ಟಿಯಾಗುತ್ತವೆ.

ಒಂದು ಬಗೆಯ ವ್ಯಾಯಾಮ ಮತ್ತೊಂದರ ಜಾಗವನ್ನು ಸಂಪೂರ್ಣವಾಗಿ ತುಂಬಲಾರದೆಂಬ ಕಾರಣಕ್ಕಾಗಿಯೇ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಎರಡನ್ನೂ ಸೇರಿಸಿದೆ. ಅದರ ಪ್ರಕಾರ 18ರಿಂದ 64 ವರ್ಷದೊಳಗಿನ ವಯಸ್ಕರು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ತೀವ್ರತೆಯ ಅಥವಾ 75ರಿಂದ 150 ನಿಮಿಷಗಳ ಹೆಚ್ಚು ತೀವ್ರತೆಯ ಕಾರ್ಡಿಯೋ ಮಾಡಬೇಕು. ಅದರ ಜೊತೆಗೆ ವಾರಕ್ಕೆ ಕನಿಷ್ಠ ಎರಡು ದಿನ ದೇಹದ ಎಲ್ಲ ಪ್ರಮುಖ ಸ್ನಾಯುಗುಂಪುಗಳನ್ನೂ ಬಲಪಡಿಸುವ ವ್ಯಾಯಾಮ ಮಾಡಬೇಕು. 65 ದಾಟಿದವರಿಗೆ ಇವುಗಳ ಮೇಲೆ ಸಮತೋಲನವನ್ನು ಕಾಪಾಡುವ ವ್ಯಾಯಾಮವನ್ನು ವಾರಕ್ಕೆ ಮೂರು ದಿನ ಸೂಚಿಸಲಾಗಿದೆ. ಮಧ್ಯಮ ತೀವ್ರತೆ ಯಾವುದೆಂದು ತಿಳಿಯಲು ಯಂತ್ರ ಬೇಕಿಲ್ಲ: ನಡೆಯುವಾಗ ಮಾತನಾಡಲು ಸಾಧ್ಯವಾಗಿ, ಹಾಡಲು ಸಾಧ್ಯವಾಗದಿದ್ದರೆ ಅದು ಮಧ್ಯಮ, ಒಂದೆರಡು ಪದಗಳಿಗೇ ಉಸಿರು ಕಟ್ಟಿದರೆ ಅದು ಹೆಚ್ಚು ತೀವ್ರ.

ಇಪ್ಪತ್ತೊಂದನೆಯ ಶತಮಾನದ ಈ ಶಿಫಾರಸು ಕನ್ನಡ ನಾಡಿಗೆ ಅಪರಿಚಿತವಾದ ವಿಚಾರವೇನಲ್ಲ. 1126ರಿಂದ 1138ರವರೆಗೆ ಆಳಿದ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ, ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣವನ್ನು ರಾಜಧಾನಿಯಾಗಿಸಿಕೊಂಡು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಎಂಬ ವಿಶ್ವಕೋಶ ಸ್ವರೂಪದ ಗ್ರಂಥದಲ್ಲಿ ಮಲ್ಲರ ತರಬೇತಿಗೆ ಮೀಸಲಾದ ಭಾಗವಿದೆ. ಮಲ್ಲರನ್ನು ವಯಸ್ಸು ಮತ್ತು ಬಲಗಳಿಗೆ ತಕ್ಕಂತೆ ವಿಂಗಡಿಸಿ, ಅವರ ಆಹಾರವನ್ನು ನಿರೂಪಿಸಿ, ಅವರು ಮಾಡಬೇಕಾದ ಶ್ರಮಗಳನ್ನು ಹೆಸರಿಸುವಾಗ ಆ ಗ್ರಂಥವು ಭಾರವೆತ್ತುವ ಭಾರಶ್ರಮ, ನಡಿಗೆ ಮತ್ತು ಓಟಗಳ ಭ್ರಮಣಶ್ರಮ, ಈಜಿನ ಸಲಿಲಶ್ರಮ, ಕಂಬದ ಮೇಲೆ ಸಾಧನೆ ಮಾಡುವ ಸ್ತಂಭಶ್ರಮ ಮೊದಲಾದವುಗಳನ್ನು ಒಂದೇ ಶಿಸ್ತಿನ ಅಂಗಗಳಾಗಿ ಇಡುತ್ತದೆ. ಭಾರವನ್ನೂ ಓಟವನ್ನೂ ಪರಸ್ಪರ ವಿರೋಧಿಗಳೆಂದು ಆ ಕಾಲದ ತರಬೇತುದಾರರು ಎಣಿಸಿರಲಿಲ್ಲ. ಉಸಿರು ಹಿಡಿಯದ ಮಲ್ಲನೂ ಬಲವಿಲ್ಲದ ಮಲ್ಲನೂ ಅಖಾಡದಲ್ಲಿ ಸಮಾನವಾಗಿ ಸೋಲುತ್ತಾನೆಂಬುದು ಕುಸ್ತಿಯ ಸ್ವರೂಪದಲ್ಲೇ ಇರುವ ಪಾಠ. ಇಂದಿಗೂ ಮೈಸೂರು ಭಾಗದ ಗರಡಿ ಮನೆಗಳಲ್ಲಿ ದಂಡ, ಬಸ್ಕಿ, ಗದೆ ತಿರುಗಿಸುವುದು ಮತ್ತು ಮಟ್ಟಿಯ ಮೇಲಿನ ಜೋಡಿ ಸಾಧನೆ ಒಂದರ ಹಿಂದೊಂದು ಬರುವುದರಿಂದ, ಬಲ ಮತ್ತು ದಮ್ಮು ಒಟ್ಟಿಗೇ ಬೆಳೆಯುತ್ತವೆ.

ಆಧುನಿಕ ಕಾಲದಲ್ಲಿ ಇದೇ ಸಮನ್ವಯವನ್ನು ಮುಂದುವರಿಸಿದವರಲ್ಲಿ ಬೆಂಗಳೂರಿನ ಕೆ.ವಿ. ಅಯ್ಯರ್ ಪ್ರಮುಖರು. ‘ಶಾಂತಲಾ’ ಮತ್ತು ‘ರೂಪದರ್ಶಿ’ ಕಾದಂಬರಿಗಳ ಕರ್ತೃವಾಗಿ ಕನ್ನಡ ಓದುಗರಿಗೆ ಪರಿಚಿತರಾದ ಅವರು ಮೂಲತಃ ವ್ಯಾಯಾಮಾಚಾರ್ಯರು. ಭಾರ ತರಬೇತಿಯ ಕುರಿತು 1930ರಲ್ಲಿ ‘ಮಸಲ್ ಕಲ್ಟ್’ ಎಂಬ ಇಂಗ್ಲಿಷ್ ಪುಸ್ತಕವನ್ನು ಪ್ರಕಟಿಸಿದ ಅಯ್ಯರ್, 1937ರಲ್ಲಿ ಸೂರ್ಯನಮಸ್ಕಾರದ ಕುರಿತೇ ಮತ್ತೊಂದು ಪುಸ್ತಕವನ್ನು ಹೊರತಂದರು. ಬಾರ್ಬೆಲ್ ಎತ್ತುವವನ ಮೈ ಬಿಗಿಯಾಗಿ, ಉಸಿರು ಗಿಡ್ಡವಾಗಬೇಕಿಲ್ಲವೆಂಬುದನ್ನು ತಮ್ಮ ವ್ಯಾಯಾಮಶಾಲೆಯ ಮೂಲಕ ಅವರು ತೋರಿಸಿಕೊಟ್ಟರು. ಸೂರ್ಯನಮಸ್ಕಾರವನ್ನು ಬಿರುಸಾಗಿ, ನಿಲ್ಲಿಸದೆ ಹತ್ತು ಹದಿನೈದು ನಿಮಿಷ ಮಾಡಿದಾಗ ಅದು ನಾಡಿಯನ್ನು ಏರಿಸುವ ಕಾರ್ಡಿಯೋ ಆಗುತ್ತದೆ, ನಿಧಾನವಾಗಿ ತೋಳಿನ ಮೇಲೆ ಮೈಭಾರ ಹೊತ್ತು ಮಾಡಿದಾಗ ಬಲದ ಅಭ್ಯಾಸವಾಗುತ್ತದೆ ಎಂಬುದನ್ನು ನೆನೆದರೆ ಅವರ ಆಯ್ಕೆಯ ಔಚಿತ್ಯ ಅರ್ಥವಾಗುತ್ತದೆ.

ಮಲ್ಲರಲ್ಲದ ಸಾಮಾನ್ಯ ಜನರಿಗೆ ಇಂಥ ಶಿಸ್ತು ಹಿಂದೆ ಬೇಕಿರಲಿಲ್ಲ, ಏಕೆಂದರೆ ಬಯಲುಸೀಮೆಯ ಬೇಸಾಯವೇ ಅದನ್ನು ಒದಗಿಸುತ್ತಿತ್ತು. ನೇಗಿಲ ಹಿಂದೆ ದಿನವಿಡೀ ನಡೆಯುವುದು ಹೃದಯದ ದುಡಿಮೆಯಾದರೆ, ಮೇಣಿ ಒತ್ತುವುದು, ಕಲ್ಲು ಎತ್ತಿ ಬದು ಕಟ್ಟುವುದು, ರಾಗಿಯ ಮೂಟೆ ಹೊರುವುದು, ಬಾವಿಯಿಂದ ನೀರು ಸೇದುವುದು ತೋಳು, ಬೆನ್ನು ಮತ್ತು ಸೊಂಟಗಳ ದುಡಿಮೆಯಾಗಿತ್ತು. ಹೆಂಗಸರು ಬೀಸುವ ಕಲ್ಲು, ಒನಕೆ, ನೀರಿನ ಕೊಡ ಮತ್ತು ಸೌದೆಹೊರೆಗಳ ಮೂಲಕ ಗಂಡಸರಷ್ಟೇ, ಹಲವೊಮ್ಮೆ ಅವರಿಗಿಂತ ಹೆಚ್ಚು ಭಾರವನ್ನು ನಿಭಾಯಿಸುತ್ತಿದ್ದರು. ಕೊಳವೆಬಾವಿ, ಟ್ರ್ಯಾಕ್ಟರು, ಹಿಟ್ಟಿನ ಗಿರಣಿ, ಅಡುಗೆ ಅನಿಲ ಮತ್ತು ಬೈಕುಗಳು ಈ ದುಡಿಮೆಯನ್ನು ಹಗುರಗೊಳಿಸಿದ್ದು ಸ್ವಾಗತಾರ್ಹವೇ. ಆ ಕಷ್ಟವನ್ನು ಮರಳಿ ತರಬೇಕೆಂದು ಯಾರೂ ಬಯಸಲಾರರು. ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತಲಿನ ಗ್ರಾಮಗಳಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆ ಭೂಮಿಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕ್ ತಲೆಯೆತ್ತಿದಾಗ, ಪದೇ ಪದೇ ಬರಕ್ಕೆ ತುತ್ತಾಗುತ್ತಿದ್ದ ಕುಟುಂಬಗಳಿಗೆ ನಿಶ್ಚಿತ ಆದಾಯವೊಂದು ದೊರೆಯಿತು, ಆದರೆ ಅದೇ ಹೊಲದಲ್ಲಿ ಮೈ ಬಗ್ಗಿಸುವ ಕೆಲಸ ಇಲ್ಲವಾಯಿತು. ವಸಂತನರಸಾಪುರದ ಕೈಗಾರಿಕಾ ಪ್ರದೇಶದಂಥ ಕಡೆಗಳಲ್ಲಿ ಯಂತ್ರದ ಮುಂದೆ ನಿಂತು ಅಥವಾ ಕುಳಿತು ಪಾಳಿ ಮುಗಿಸುವವರಿಗೂ ದಣಿವು ಉಂಟು, ವ್ಯಾಯಾಮವಿಲ್ಲ. ದಣಿವು ಮತ್ತು ವ್ಯಾಯಾಮ ಒಂದೇ ಅಲ್ಲ. ಒಂದೇ ಭಂಗಿಯಲ್ಲಿ ಎಂಟು ಗಂಟೆ ದುಡಿದ ಮೈ ಸೋತಿರುತ್ತದೆ, ಆದರೆ ಹೃದಯವೂ ಬಲಗೊಂಡಿರುವುದಿಲ್ಲ, ಸ್ನಾಯುವೂ ಬೆಳೆದಿರುವುದಿಲ್ಲ.

ಈ ಬದಲಾವಣೆಯ ಪರಿಣಾಮ ಭಾರತೀಯರ ಮೈಕಟ್ಟಿನಲ್ಲಿ ವಿಶೇಷವಾಗಿ ಅಪಾಯಕಾರಿ. ಪುಣೆಯ ವೈದ್ಯ ಯಾಜ್ಞಿಕ್ ಮತ್ತು ಬ್ರಿಟನ್ನಿನ ವೈದ್ಯ ಯಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮಿಬ್ಬರನ್ನೇ ಹೋಲಿಸಿ ಬರೆದ ಪುಟ್ಟ ಟಿಪ್ಪಣಿ ಇದನ್ನು ಮನದಟ್ಟು ಮಾಡಿಸಿತು. ಎತ್ತರಕ್ಕೆ ತಕ್ಕ ತೂಕವನ್ನು ಅಳೆಯುವ ಬಿಎಂಐ ಸೂಚ್ಯಂಕ ಇಬ್ಬರಿಗೂ 22.3 ಇದ್ದರೂ, ಯಡ್ಕಿನ್ ಅವರ ದೇಹದಲ್ಲಿ ಕೊಬ್ಬು ಶೇಕಡ 9.1ರಷ್ಟಿದ್ದರೆ ಯಾಜ್ಞಿಕ್ ಅವರ ದೇಹದಲ್ಲಿ ಅದು ಶೇಕಡ 21.2ರಷ್ಟಿತ್ತು. ತೆಳ್ಳಗೆ ಕಾಣುವ ಭಾರತೀಯನ ದೇಹದಲ್ಲಿ ಸ್ನಾಯು ಕಡಿಮೆಯಿದ್ದು ಕೊಬ್ಬು ಹೆಚ್ಚಿರುವ ಸಾಧ್ಯತೆಯಿದೆ ಎಂಬುದೇ ಇದರ ಅರ್ಥ. ಊಟದ ನಂತರ ರಕ್ತಕ್ಕೆ ಸೇರುವ ಸಕ್ಕರೆಯ ದೊಡ್ಡ ಪಾಲನ್ನು ಹೀರಿಕೊಳ್ಳುವ ಅಂಗ ಸ್ನಾಯುವಾಗಿರುವುದರಿಂದ, ಸ್ನಾಯು ಕಡಿಮೆಯಿರುವವರಿಗೆ ಮಧುಮೇಹ ಬೇಗ ಎದುರಾಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಇಂಡಿಯಾಬ್ ಅಧ್ಯಯನ 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ, 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ.

ಮಧುಮೇಹದ ವಿಷಯದಲ್ಲೇ ಎರಡು ವ್ಯಾಯಾಮಗಳ ಜೋಡಣೆಗೆ ಅತಿ ಗಟ್ಟಿಯಾದ ಆಧಾರ ದೊರೆತಿದೆ. ಕೆನಡಾದಲ್ಲಿ 251 ಮಧುಮೇಹಿಗಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕಾರ್ಡಿಯೋ ಮಾತ್ರ ಮಾಡಿದವರಲ್ಲೂ ಭಾರ ಮಾತ್ರ ಎತ್ತಿದವರಲ್ಲೂ ಮೂರು ತಿಂಗಳ ಸರಾಸರಿ ರಕ್ತಸಕ್ಕರೆಯನ್ನು ಸೂಚಿಸುವ ಎಚ್‌ಬಿಎ1ಸಿ ಮಟ್ಟ ಇಳಿಯಿತಾದರೂ, ಎರಡನ್ನೂ ಮಾಡಿದವರಲ್ಲಿ ಅದು ಅತಿ ಹೆಚ್ಚು ಇಳಿಯಿತು. ಎರಡನ್ನೂ ಮಾಡಿದವರು ಒಟ್ಟಾರೆ ಹೆಚ್ಚು ಹೊತ್ತು ವ್ಯಾಯಾಮ ಮಾಡಿದ್ದರಿಂದ ಹೀಗಾಯಿತೇ ಎಂಬ ಸಂದೇಹ ಸಹಜವಾಗಿಯೇ ಹುಟ್ಟಿತು. ಅಮೆರಿಕದ ಲೂಯಿಸಿಯಾನದಲ್ಲಿ 262 ಮಧುಮೇಹಿಗಳನ್ನು ಒಂಬತ್ತು ತಿಂಗಳು ಗಮನಿಸಿ 2010ರಲ್ಲಿ ಪ್ರಕಟಿಸಿದ ಪ್ರಯೋಗವು ಎಲ್ಲ ಗುಂಪುಗಳ ವ್ಯಾಯಾಮದ ಸಮಯವನ್ನು ಸರಿಸುಮಾರು ಸಮಗೊಳಿಸಿ ಆ ಸಂದೇಹವನ್ನು ಬಗೆಹರಿಸಿತು: ವ್ಯಾಯಾಮ ಮಾಡದ ಗುಂಪಿಗೆ ಹೋಲಿಸಿದಾಗ ಎಚ್‌ಬಿಎ1ಸಿ ಗಣನೀಯವಾಗಿ ಇಳಿದದ್ದು ಎರಡನ್ನೂ ಹಂಚಿಕೊಂಡು ಮಾಡಿದವರಲ್ಲಿ ಮಾತ್ರ. ಇದ್ದಷ್ಟೇ ಸಮಯವನ್ನು ಎರಡಕ್ಕೂ ಹಂಚಿದರೆ ಫಲ ಹೆಚ್ಚುತ್ತದೆಂಬ ಈ ತೀರ್ಮಾನ, ಹೊತ್ತಿನ ಅಭಾವವನ್ನು ಮುಂದೊಡ್ಡುವವರಿಗೆ ನೇರವಾದ ಉತ್ತರವಾಗಿದೆ.

ಹಾಗಾದರೆ ಓಡಿದರೆ ಸ್ನಾಯು ಕರಗುತ್ತದೆಂಬ ಭಯ ಹುಟ್ಟಿದ್ದಾದರೂ ಎಲ್ಲಿಂದ? ಅದರ ಮೂಲ ಅಮೆರಿಕದ ವಿಜ್ಞಾನಿ ರಾಬರ್ಟ್ ಹಿಕ್ಸನ್ 1980ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿದೆ. ಸ್ವತಃ ಭಾರ ಎತ್ತುತ್ತಿದ್ದ ಹಿಕ್ಸನ್, ಹತ್ತು ವಾರಗಳ ಕಾಲ ಒಂದು ಗುಂಪಿಗೆ ವಾರಕ್ಕೆ ಐದು ದಿನ ಭಾರ ತರಬೇತಿಯನ್ನೂ ಇನ್ನೊಂದಕ್ಕೆ ವಾರಕ್ಕೆ ಆರು ದಿನ ತೀವ್ರವಾದ ಓಟ ಮತ್ತು ಸೈಕಲ್ ತುಳಿತವನ್ನೂ ಮೂರನೆಯದಕ್ಕೆ ಇವೆರಡನ್ನೂ ಒಟ್ಟಿಗೆ ಕೊಟ್ಟರು. ಮೂರನೆಯ ಗುಂಪಿನ ಬಲ ಮೊದಲ ವಾರಗಳಲ್ಲಿ ಭಾರ ಎತ್ತುವವರ ಸಮಕ್ಕೇ ಏರಿ, ಕೊನೆಯ ವಾರಗಳಲ್ಲಿ ನಿಂತು, ಇಳಿಮುಖವಾಯಿತು. ಅವರ ದಮ್ಮು ಮಾತ್ರ ಓಟಗಾರರಷ್ಟೇ ಹೆಚ್ಚಿತ್ತು. ಒಂದು ಸಾಧನೆ ಮತ್ತೊಂದಕ್ಕೆ ಅಡ್ಡಿಯಾಗುವ ಈ ವಿದ್ಯಮಾನಕ್ಕೆ ಜೀವಕೋಶದ ಮಟ್ಟದಲ್ಲಿ ಒಂದು ವಿವರಣೆಯೂ ಇದೆ. ದೀರ್ಘ ದುಡಿಮೆಯಿಂದ ಜೀವಕೋಶದಲ್ಲಿ ಶಕ್ತಿ ಕುಂದಿದಾಗ ಎಎಂಪಿಕೆ ಎಂಬ ಕಿಣ್ವ ಎಚ್ಚರಗೊಂಡು ಉಳಿತಾಯಕ್ಕೆ ತೊಡಗುತ್ತದೆ. ಸ್ನಾಯು ಕಟ್ಟುವ ಕೆಲಸವನ್ನು ನಡೆಸುವ ಎಂಟಾರ್ ಎಂಬ ಪ್ರೋಟೀನು ಸಂಕೀರ್ಣವನ್ನು ಅದು ತಾತ್ಕಾಲಿಕವಾಗಿ ತಡೆಯಬಲ್ಲದು.

ಆದರೆ ಹಿಕ್ಸನ್ನರ ಮೂರನೆಯ ಗುಂಪು ಬಹುತೇಕ ವಿಶ್ರಾಂತಿಯಿಲ್ಲದೆ ದುಡಿದಿತ್ತೆಂಬುದನ್ನು ಮರೆತು, ವಾರಕ್ಕೆ ಮೂರು ದಿನ ಅರ್ಧ ಗಂಟೆ ನಡೆಯುವವನಿಗೆ ಅದೇ ಫಲಿತಾಂಶವನ್ನು ಅನ್ವಯಿಸುವುದು ತಪ್ಪಾಗುತ್ತದೆ. 2022ರಲ್ಲಿ 43 ಅಧ್ಯಯನಗಳನ್ನು ಒಟ್ಟುಗೂಡಿಸಿ ನಡೆಸಿದ ವಿಶ್ಲೇಷಣೆಯೊಂದು, ಕಾರ್ಡಿಯೋ ಜೊತೆ ಸೇರಿಸಿದರೂ ಸ್ನಾಯುವಿನ ಗಾತ್ರಕ್ಕಾಗಲಿ ಗರಿಷ್ಠ ಬಲಕ್ಕಾಗಲಿ ಧಕ್ಕೆಯಾಗುವುದಿಲ್ಲವೆಂದು ತೀರ್ಮಾನಿಸಿತು. ಥಟ್ಟನೆ ಸಿಡಿಯುವ ಸ್ಫೋಟಕ ಬಲ ಮಾತ್ರ, ಅದರಲ್ಲೂ ಎರಡನ್ನೂ ಒಂದೇ ಹೊತ್ತಿನಲ್ಲಿ ಬೆನ್ನುಬೆನ್ನಿಗೆ ಮಾಡಿದಾಗ, ತುಸು ಕುಗ್ಗಬಹುದೆಂದು ಹೇಳಿತು. ರಾಗಿಯ ಹೊಲದಲ್ಲಿ ಅಕ್ಕಡಿ ಸಾಲು ಹಾಕುವ ಈ ಸೀಮೆಯ ರೈತರಿಗೆ ಈ ತತ್ತ್ವ ಹೊಸದಾಗಿ ತೋರಲಾರದು: ಅವರೆ, ತೊಗರಿಗಳನ್ನು ರಾಗಿಯ ನಡುವೆ ಅಂತರವಿಟ್ಟು ಬಿತ್ತಿದರೆ ಎರಡೂ ಫಸಲು ಕೈಗೆ ಬರುತ್ತವೆ, ಅಂತರವಿಲ್ಲದೆ ಒತ್ತಿ ಬಿತ್ತಿದರೆ ಒಂದು ಇನ್ನೊಂದನ್ನು ಸೊರಗಿಸುತ್ತದೆ.

ಇನ್ನು ಸಿದ್ದರಬೆಟ್ಟದ ಹಾದಿಯೇ ದೇಹಕ್ಕೆ ಏನು ಕೊಡುತ್ತದೆ, ಏನು ಕೊಡುವುದಿಲ್ಲ ಎಂಬುದನ್ನು ವಿಚಾರಿಸಬೇಕು. ಮೆಟ್ಟಿಲು ಹತ್ತುವಾಗ ಪ್ರತಿ ಹೆಜ್ಜೆಗೂ ಇಡೀ ಮೈಭಾರವನ್ನು ಒಂದು ಕಾಲು ಎತ್ತಬೇಕಾಗುವುದರಿಂದ ತೊಡೆಯ ಮುಂಭಾಗ, ಪೃಷ್ಠ ಮತ್ತು ಮೀನಖಂಡಗಳ ಸ್ನಾಯುಗಳು ದುಡಿಯುತ್ತವೆ, ಸಮತಟ್ಟಿನ ನಡಿಗೆಗಿಂತ ಬಹಳ ಬೇಗ ನಾಡಿ ಏರುತ್ತದೆ. ಇಳಿಯುವಾಗ ಉಸಿರಿಗೆ ಶ್ರಮ ಕಡಿಮೆಯಾದರೂ ತೊಡೆಯ ಸ್ನಾಯುಗಳು ಹಿಗ್ಗುತ್ತಲೇ ಭಾರವನ್ನು ತಡೆಯಬೇಕಾಗುತ್ತದೆ. ಇಂಥ ದುಡಿಮೆಯಿಂದ ತಂತುಗಳಲ್ಲಿ ಸೂಕ್ಷ್ಮ ಘಾಸಿಗಳು ಉಂಟಾಗುವುದರಿಂದಲೇ ಬೆಟ್ಟ ಇಳಿದ ದಿನಕ್ಕಿಂತ ಮರುದಿನ ಅಥವಾ ಮೂರನೆಯ ದಿನ ತೊಡೆ ಹೆಚ್ಚು ನೋಯುತ್ತದೆ. ಕೆಲವು ವಾರಗಳ ಅಂತರದಲ್ಲಿ ಮತ್ತೆ ಹತ್ತಿಳಿದರೆ ನೋವು ಬಹಳ ಕಡಿಮೆಯಾಗುವುದು ಸ್ನಾಯು ಹೊಂದಿಕೊಂಡಿರುವುದರ ಲಕ್ಷಣ. ಹೀಗೆ ಬೆಟ್ಟವು ಹೃದಯಕ್ಕೂ ಕಾಲಿಗೂ ಅತ್ಯುತ್ತಮ ಗುರು. ಆದರೆ ಎದೆ, ಭುಜ, ಬೆನ್ನು ಮತ್ತು ತೋಳುಗಳಿಗೆ ಅದು ಏನನ್ನೂ ಕೊಡುವುದಿಲ್ಲ. ಕಾಲಿನ ಬಲವೂ ಸ್ವಂತ ಮೈಭಾರಕ್ಕೆ ಸಾಕಾಗುವಷ್ಟು ಬೆಳೆದ ಮೇಲೆ ಅಲ್ಲಿಗೇ ನಿಲ್ಲುತ್ತದೆ. ವಾರಕ್ಕೊಮ್ಮೆ ಬೆಟ್ಟ ಹತ್ತಿದವರು ತಮ್ಮ ವ್ಯಾಯಾಮ ಮುಗಿಯಿತೆಂದು ಭಾವಿಸಿದರೆ, ಕೈಗೆಟುಕಿದ್ದು ಅರ್ಧ ಮಾತ್ರ.

ಉಳಿದರ್ಧವನ್ನು ತುಂಬಲು ದುಬಾರಿ ಯಂತ್ರಗಳು ಅಗತ್ಯವಿಲ್ಲ. ಭಾರ ತರಬೇತಿಯ ಸಾರವೆಲ್ಲ ಐದು ಚಲನೆಗಳಲ್ಲಿ ಅಡಗಿದೆ: ಬಸ್ಕಿಯಂತೆ ಕುಳಿತೇಳುವುದು, ಬೆನ್ನು ನೇರವಾಗಿಟ್ಟು ಸೊಂಟದಿಂದ ಬಾಗಿ ನೆಲದ ಭಾರವನ್ನೆತ್ತುವುದು, ದಂಡದಂತೆ ಮುಂದಕ್ಕೆ ಅಥವಾ ತಲೆಯ ಮೇಲಕ್ಕೆ ತಳ್ಳುವುದು, ಕಂಬಿ ಹಿಡಿದು ಮೈಯನ್ನು ಅಥವಾ ಭಾರವನ್ನು ತನ್ನೆಡೆಗೆ ಎಳೆಯುವುದು, ಮತ್ತು ಭಾರ ಹೊತ್ತು ನಡೆಯುವುದು. ಒಂದು ಲೀಟರ್ ನೀರು ಒಂದು ಕಿಲೋಗ್ರಾಂ ತೂಗುವುದರಿಂದ ಹದಿನೈದು ಲೀಟರಿನ ಪ್ಲಾಸ್ಟಿಕ್ ಕೊಡವೊಂದು ಮನೆಯಲ್ಲೇ ಇರುವ ತೂಕದ ಬಟ್ಟು. ಗೊಬ್ಬರದ ಚೀಲದಲ್ಲಿ ಮರಳು ತುಂಬಿ ಬಿಗಿಯಾಗಿ ಹೊಲಿದರೆ ಅದು ಮತ್ತೊಂದು. ಪ್ರತಿ ಚಲನೆಯನ್ನೂ ಎಂಟರಿಂದ ಹನ್ನೆರಡು ಬಾರಿ ಮಾಡಿ, ಒಂದೆರಡು ನಿಮಿಷ ದಣಿವಾರಿಸಿಕೊಂಡು, ಹಾಗೆ ಎರಡು ಮೂರು ಸುತ್ತು ಮುಗಿಸಬೇಕು. ಕೊನೆಯ ಬಾರಿ ಎತ್ತಿದಾಗ ಇನ್ನೆರಡು ಬಾರಿ ಎತ್ತುವಷ್ಟು ಮಾತ್ರ ತ್ರಾಣ ಉಳಿದಿರುವಂತೆ ಭಾರವನ್ನು ಆರಿಸಿಕೊಳ್ಳಬೇಕು. ಎಲ್ಲ ಸುತ್ತುಗಳಲ್ಲೂ ಹನ್ನೆರಡು ಸಲೀಸಾದಾಗ ತುಸು ಭಾರ ಹೆಚ್ಚಿಸಬೇಕು. ತಜ್ಞರು ಕ್ರಮೇಣ ಭಾರವೃದ್ಧಿ ಎಂದು ಕರೆಯುವ ಈ ನಿಯಮವಿಲ್ಲದಿದ್ದರೆ ವರ್ಷಗಟ್ಟಲೆ ಎತ್ತಿದರೂ ಬಲ ಇದ್ದಲ್ಲೇ ಇರುತ್ತದೆ.

ವಾರದ ಹಂಚಿಕೆಯನ್ನು ಹೀಗೆ ಮಾಡಿಕೊಳ್ಳಬಹುದು. ಭಾನುವಾರ ಬೆಟ್ಟ ಹತ್ತುವವರು ಸೋಮವಾರವನ್ನು ವಿಶ್ರಾಂತಿಗೆ ಅಥವಾ ಹಗುರ ನಡಿಗೆಗೆ ಬಿಟ್ಟು, ಮಂಗಳವಾರ ಮತ್ತು ಶುಕ್ರವಾರ ಮೂವತ್ತರಿಂದ ನಲವತ್ತು ನಿಮಿಷ ಇಡೀ ಮೈಗೆ ಭಾರ ತರಬೇತಿಯನ್ನೂ, ಬುಧವಾರ, ಗುರುವಾರ ಮತ್ತು ಶನಿವಾರ ಅರ್ಧ ಗಂಟೆ ಬಿರುಸಿನ ನಡಿಗೆ ಅಥವಾ ಸೈಕಲ್ ತುಳಿತವನ್ನೂ ಇಟ್ಟುಕೊಂಡರೆ, ಬೆಟ್ಟದ ಒಂದು ಗಂಟೆಗೂ ಮಿಕ್ಕಿದ ಏರಿಳಿತ ಸೇರಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ 150 ನಿಮಿಷಗಳು ತುಂಬುತ್ತವೆ. ಎರಡನ್ನೂ ಒಂದೇ ದಿನ ಮಾಡಲೇಬೇಕಾದವರು ತಮ್ಮ ಮುಖ್ಯ ಗುರಿ ಯಾವುದೋ ಅದನ್ನು ಮೊದಲು ಮಾಡಬೇಕು: ಬಲ ಬೇಕಾದವರು ಭಾರವನ್ನು ಮೊದಲು, ಓಟದ ವೇಗ ಬೇಕಾದವರು ಓಟವನ್ನು ಮೊದಲು. ಬೆಳಿಗ್ಗೆ ಒಂದು, ಸಂಜೆ ಇನ್ನೊಂದು ಎಂದು ಕೆಲವು ಗಂಟೆಗಳ ಅಂತರವಿಟ್ಟರೆ ಇನ್ನೂ ಒಳಿತು. ಬೆಟ್ಟ ಇಳಿದ ಮರುದಿನ ಭಾರ ಹೊತ್ತು ಬಸ್ಕಿ ಹೊಡೆಯುವುದು ಮಾತ್ರ ಯಾರಿಗೂ ಹಿತವಲ್ಲ.

ಈ ಜೋಡಣೆಯ ಪ್ರಯೋಜನ ಈ ತಾಲ್ಲೂಕುಗಳ ಉದ್ಯೋಗಾಕಾಂಕ್ಷಿ ಯುವಜನರಿಗೆ ನೇರವಾಗಿ ಸಿಗುವಂಥದ್ದು. ರಾಜ್ಯದ ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯ ದೈಹಿಕ ಸಾಮರ್ಥ್ಯ ಪರೀಕ್ಷೆಯಲ್ಲಿ ಪುರುಷ ಅಭ್ಯರ್ಥಿಗಳು 1,600 ಮೀಟರ್ ದೂರವನ್ನು 6 ನಿಮಿಷ 30 ಸೆಕೆಂಡುಗಳೊಳಗೆ ಓಡುವುದಲ್ಲದೆ, ಉದ್ದ ಅಥವಾ ಎತ್ತರ ಜಿಗಿತದಲ್ಲಿ ತೇರ್ಗಡೆಯಾಗಿ, 7.26 ಕಿಲೋಗ್ರಾಂ ತೂಕದ ಗುಂಡನ್ನು 5.60 ಮೀಟರ್ ದೂರ ಎಸೆಯಬೇಕು. ಮಹಿಳೆಯರಿಗೆ 400 ಮೀಟರ್ ಓಟ, ಜಿಗಿತ ಮತ್ತು 4 ಕಿಲೋಗ್ರಾಂ ಗುಂಡಿನ ಎಸೆತವಿದೆ. ಸೇನೆಯ ನೇಮಕಾತಿ ರ‍್ಯಾಲಿಯಲ್ಲೂ 1.6 ಕಿಲೋಮೀಟರ್ ಓಟದ ಜೊತೆಗೆ ಕಂಬಿ ಹಿಡಿದು ಮೈಯೆತ್ತುವ ಪುಲ್‌ಅಪ್‌ಗಳಿಗೆ ಅಂಕಗಳಿವೆ. ಅಂದರೆ ಈ ಪರೀಕ್ಷೆಗಳು ಕೇಳುವುದು ಉಸಿರು ಮತ್ತು ಬಲ ಎರಡನ್ನೂ. ಮುಂಜಾನೆ ಹೆದ್ದಾರಿಯ ಬದಿಯಲ್ಲಿ ಓಡುವುದನ್ನೇ ಪೂರ್ಣ ಸಿದ್ಧತೆಯೆಂದು ತಿಳಿದವರು ಗುಂಡು ಎಸೆತದಲ್ಲಿ ಎಡವುವ ಅಪಾಯವಿದೆ, ಜಿಮ್ಮಿನಲ್ಲಷ್ಟೇ ಬೆವರು ಹರಿಸಿದವರು ಓಟದ ಕೊನೆಯ ಸುತ್ತಿನಲ್ಲಿ ಹಿಂದೆ ಬೀಳುವ ಅಪಾಯವಿದೆ.

ಮಹಿಳೆಯರು ಮತ್ತು ಹಿರಿಯರ ವಿಷಯದಲ್ಲಿ ಭಾರ ತರಬೇತಿಯ ಕುರಿತ ಸಂಕೋಚವನ್ನು ಬಿಡುವುದು ಇನ್ನೂ ಅವಶ್ಯ. ಮೂವತ್ತು ದಾಟಿದ ಮೇಲೆ ಪ್ರತಿ ದಶಕಕ್ಕೆ ಶೇಕಡ 3ರಿಂದ 8ರಷ್ಟು ಸ್ನಾಯು ನಷ್ಟವಾಗುತ್ತದೆಂಬುದು ಸಾಮಾನ್ಯ ಅಂದಾಜು. ಮುಟ್ಟು ನಿಂತ ನಂತರ ಹೆಂಗಸರಲ್ಲಿ ಮೂಳೆಯ ಸಾಂದ್ರತೆಯೂ ವೇಗವಾಗಿ ಕುಸಿಯುತ್ತದೆ. ಇದಕ್ಕೆ ನಡಿಗೆಯೊಂದೇ ಸಾಕಾದ ಪರಿಹಾರವಲ್ಲ, ಏಕೆಂದರೆ ಮೂಳೆಯು ತನ್ನ ಮೇಲೆ ಬಿದ್ದ ಒತ್ತಡಕ್ಕೆ ತಕ್ಕಂತೆ ಗಟ್ಟಿಯಾಗುವ ಜೀವಂತ ಅಂಗಾಂಶ. ಹೆಂಗಸರು ಭಾರ ಎತ್ತಿದರೆ ಗಂಡಸರಂತೆ ಮೈ ಉಬ್ಬುತ್ತದೆಂಬ ಮಾತಿಗೂ ಆಧಾರವಿಲ್ಲ. ಸ್ನಾಯು ಉಬ್ಬಿಸುವ ಟೆಸ್ಟೊಸ್ಟೆರಾನ್ ಹಾರ್ಮೋನು ಅವರಲ್ಲಿ ಬಹಳ ಕಡಿಮೆ. ಅರವತ್ತೈದರ ಅಜ್ಜಿಯೊಬ್ಬರು ಕುರ್ಚಿಯಿಂದ ಕೈಯೂರದೆ ಹತ್ತು ಬಾರಿ ಏಳುವುದನ್ನು ಅಭ್ಯಾಸ ಮಾಡಿಕೊಂಡರೆ, ಅದೂ ಭಾರ ತರಬೇತಿಯೇ; ಬಚ್ಚಲಲ್ಲಿ ಜಾರಿ ಬೀಳುವ ಅಪಾಯದಿಂದ ಅವರನ್ನು ಕಾಪಾಡುವಂಥದ್ದು ಆ ಬಲವೇ.

ಶ್ರಮಕ್ಕೆ ತಕ್ಕ ಆಹಾರವಿಲ್ಲದೆ ಯಾವ ತರಬೇತಿಯೂ ಫಲಿಸದು. ಈ ಸೀಮೆಯ ಮುಖ್ಯ ಆಹಾರವಾದ ರಾಗಿಯಲ್ಲಿ 100 ಗ್ರಾಮಿಗೆ ಸುಮಾರು 360 ಮಿಲಿಗ್ರಾಂ ಸುಣ್ಣದ ಅಂಶವಿದ್ದು ಮೂಳೆಗೆ ಅದು ವರದಾನ, ಆದರೆ ಅದರಲ್ಲಿ ಪ್ರೋಟೀನು ಇರುವುದು 7 ಗ್ರಾಮಿನಷ್ಟು ಮಾತ್ರ. ಸಾಮಾನ್ಯ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ 0.83 ಗ್ರಾಂ ಪ್ರೋಟೀನನ್ನು ರಾಷ್ಟ್ರೀಯ ಪೋಷಣಾ ಸಂಸ್ಥೆ ಸೂಚಿಸಿದ್ದು, ಭಾರ ಎತ್ತುವವರಿಗೆ ಅದಕ್ಕಿಂತ ಹೆಚ್ಚು ಬೇಕಾಗುತ್ತದೆ. ಆ ಕೊರತೆಯನ್ನು ತುಂಬಬಲ್ಲ ಹುರುಳಿ ಮತ್ತು ಕಡಲೆಕಾಯಿಗಳು ಪಾವಗಡ, ಸಿರಾ, ಮಧುಗಿರಿಗಳ ಹೊಲದಲ್ಲೇ ಬೆಳೆಯುತ್ತವೆ. ಎರಡರಲ್ಲೂ 100 ಗ್ರಾಮಿಗೆ 20 ಗ್ರಾಮಿಗಿಂತ ಹೆಚ್ಚು ಪ್ರೋಟೀನಿದೆ. ಮುದ್ದೆಯ ಗಾತ್ರವನ್ನು ತುಸು ಇಳಿಸಿ, ಹುರುಳಿ ಸಾರಿನಲ್ಲಿ ಕಾಳಿನ ಪಾಲನ್ನು ಹೆಚ್ಚಿಸಿ, ಮೊಟ್ಟೆ, ಹಾಲು, ಮೊಸರು, ಮಾಂಸಗಳಲ್ಲಿ ಒಗ್ಗುವುದನ್ನು ಸೇರಿಸಿಕೊಂಡರೆ ಸಾವಿರಾರು ರೂಪಾಯಿ ಬೆಲೆಯ ಪ್ರೋಟೀನ್ ಪುಡಿಯ ಅಗತ್ಯ ಬಹುತೇಕರಿಗೆ ಬೀಳುವುದಿಲ್ಲ.

ಎಚ್ಚರಿಕೆಯ ಮಾತುಗಳೂ ಇವೆ. ಚಿತ್ರನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ಹೃದಯಸ್ತಂಭನದಿಂದ ನಿಧನರಾದ ನಂತರ ನಾಡಿನಾದ್ಯಂತ ಜಿಮ್‌ಗಳ ಕುರಿತು ಭಯ ಹರಡಿತು. ಆ ದುಃಖದಿಂದ ಕಲಿಯಬೇಕಾದ ಪಾಠ ವ್ಯಾಯಾಮವನ್ನು ಬಿಡುವುದಲ್ಲ, ಹೃದಯದ ಸ್ಥಿತಿಯನ್ನು ತಿಳಿದುಕೊಂಡು ಹಂತಹಂತವಾಗಿ ಶ್ರಮವನ್ನು ಹೆಚ್ಚಿಸುವುದು. ಮೂವತ್ತು ದಾಟಿದವರ ರಕ್ತದೊತ್ತಡ ಮತ್ತು ಸಕ್ಕರೆಯ ತಪಾಸಣೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ನಡೆಯುತ್ತದೆ. ಬಹಳ ವರ್ಷ ವ್ಯಾಯಾಮವಿಲ್ಲದೆ ಇದ್ದವರು, ಮನೆತನದಲ್ಲಿ ಹೃದ್ರೋಗವುಳ್ಳವರು ಮತ್ತು ಬೀಡಿ ಸಿಗರೇಟು ಸೇದುವವರು ಮೊದಲು ವೈದ್ಯರ ಸಲಹೆ ಪಡೆಯಬೇಕು. ಎದೆ ಹಿಂಡಿದಂತಾಗುವುದು, ಎಡತೋಳು ಅಥವಾ ದವಡೆಗೆ ನೋವು ಹರಿಯುವುದು, ತಣ್ಣನೆ ಬೆವರು, ತಲೆಸುತ್ತು ಕಂಡರೆ ಗ್ಯಾಸ್ಟ್ರಿಕ್ ಎಂದು ತಳ್ಳಿಹಾಕದೆ ಕೂಡಲೇ ಆಸ್ಪತ್ರೆಗೆ ಧಾವಿಸಬೇಕು. ಪುನೀತ್ ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ ರೂಪಿಸಿದ ಹೃದಯಜ್ಯೋತಿ ಯೋಜನೆಯಡಿ, ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ತಾಲ್ಲೂಕು ಮಟ್ಟದ ಆಸ್ಪತ್ರೆಗಳಲ್ಲಿ ಉಚಿತವಾಗಿ ಒದಗಿಸುವ ವ್ಯವಸ್ಥೆಯಿದೆ. ರಕ್ತದೊತ್ತಡವುಳ್ಳವರು ಭಾರ ಎತ್ತುವಾಗ ಉಸಿರು ಬಿಗಿಹಿಡಿಯದೆ, ಎತ್ತುವಾಗ ಉಸಿರು ಬಿಟ್ಟು ಇಳಿಸುವಾಗ ಎಳೆದುಕೊಳ್ಳಬೇಕು. ಇನ್ಸುಲಿನ್ ಪಡೆಯುವ ಮಧುಮೇಹಿಗಳು ಬೆಟ್ಟ ಹತ್ತುವಾಗ ಸಕ್ಕರೆ ಅಥವಾ ಗ್ಲೂಕೋಸನ್ನು ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಬಂಡೆಯ ಬೆಟ್ಟಗಳು ಬೇಸಿಗೆಯಲ್ಲಿ ಬೇಗ ಕಾಯುವುದರಿಂದ ಬೆಳಿಗ್ಗೆ ಒಂಬತ್ತರೊಳಗೆ ಇಳಿದು ಬರುವುದು ಕ್ಷೇಮ.

ಪಾವಗಡ ಮತ್ತು ಅದರ ಸುತ್ತಲಿನ ಪ್ರದೇಶಗಳಿಗೆ ಪ್ರತ್ಯೇಕವಾಗಿ ಹೇಳಬೇಕಾದ ವಿಷಯ ಫ್ಲೋರೈಡಿನದು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಒಂದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬ ಮಿತಿಯನ್ನು ಇಲ್ಲಿನ ಅನೇಕ ಕೊಳವೆಬಾವಿಗಳ ನೀರು ದಾಟುತ್ತ ಬಂದಿದ್ದು, ಅದನ್ನೇ ದೀರ್ಘಕಾಲ ಕುಡಿದವರಲ್ಲಿ ಮೂಳೆಯ ಫ್ಲೋರೋಸಿಸ್ ಉಂಟಾಗಿ ಕೀಲು ಮತ್ತು ಬೆನ್ನುಮೂಳೆಯ ಭಾಗ ಬಿಗಿಯಾಗುತ್ತದೆ. ಕೀಲುನೋವನ್ನು ವಯಸ್ಸಿನ ಫಲವೆಂದೇ ತಿಳಿದು ಏಕಾಏಕಿ ಭಾರ ಎತ್ತಲು ತೊಡಗಿದರೆ ಹಾನಿಯಾಗಬಹುದು. ಅಂಥವರು ವೈದ್ಯರನ್ನು ಕಂಡು, ಶುದ್ಧೀಕರಿಸಿದ ನೀರನ್ನೇ ಬಳಸುತ್ತ, ಸಮತಟ್ಟಿನ ನಡಿಗೆ ಮತ್ತು ಹಗುರ ಭಾರಗಳಿಂದ ಆರಂಭಿಸಬೇಕು.

ವ್ಯಕ್ತಿಗಳು ಮನಸ್ಸು ಮಾಡಿದರೆ ಸಾಲದು, ಸ್ಥಳೀಯ ಸಂಸ್ಥೆಗಳೂ ಕೈಜೋಡಿಸಬೇಕು. ಪ್ರತಿ ಗ್ರಾಮ ಪಂಚಾಯಿತಿಯ ಶಾಲಾ ಮೈದಾನದಲ್ಲೂ ಸಿದ್ದರಬೆಟ್ಟ, ಮಧುಗಿರಿ ಬೆಟ್ಟಗಳ ತಪ್ಪಲಿನಲ್ಲೂ ಬೇರೆ ಬೇರೆ ಎತ್ತರದ ಮೂರು ಕಬ್ಬಿಣದ ಕಂಬಿಗಳು, ದಂಡ ಹೊಡೆಯಲು ಒಂದು ಕಟ್ಟೆ, ತೂಕ ಗುರುತಿಸಿದ ಕೆಲವು ಕಲ್ಲುಗುಂಡುಗಳು ಇದ್ದರೆ, ಬೆಟ್ಟವು ಕೊಡದ ಅರ್ಧವನ್ನು ಅವು ಕೊಡುತ್ತವೆ. ಹೆಣ್ಣುಮಕ್ಕಳು ನಿರ್ಭೀತಿಯಿಂದ ಬಳಸಬಹುದಾದ ಹೊತ್ತು ಮತ್ತು ಜಾಗವನ್ನು ನಿಗದಿಪಡಿಸುವುದೂ ಪಂಚಾಯಿತಿಗಳ ಕರ್ತವ್ಯವಾಗಬೇಕು. ಇದಕ್ಕೆ ದೊಡ್ಡ ಅನುದಾನ ಬೇಕಿಲ್ಲ. ಅಲ್ಲಿಯವರೆಗೆ ಕಾಯದೆ, ನಡೆಯುತ್ತಿರುವವರು ಈ ವಾರದಿಂದಲೇ ಎರಡು ದಿನ ಭಾರವನ್ನೂ, ಭಾರ ಎತ್ತುತ್ತಿರುವವರು ಮೂರು ದಿನ ನಡಿಗೆಯನ್ನೂ ಸೇರಿಸಿಕೊಳ್ಳಬೇಕು. ಎರಡನ್ನೂ ಮಾಡದವರು ದಿನಕ್ಕೆ ಹತ್ತು ನಿಮಿಷದ ನಡಿಗೆ ಮತ್ತು ಹತ್ತು ಬಸ್ಕಿಗಳಿಂದ ಆರಂಭಿಸಿದರೂ ಸಾಕು.